ಭಾನುವಾರದ ರಾಮೆನ್ ಊಟ: ಸದಸ್ಯರ ಗಮನಕ್ಕೆ

ಟೋಕಿಯೊದ ಕನ್ನಡ ಬಂಧುಗಳೆಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 11 ಗಂಟೆಗೆ ಟೋಕಿಯೊ ನಿಲ್ದಾಣದೊಳಗಿನ ಅಂಗಡಿ ಸಾಲಾದ ಕೇಯೊ ಸ್ಟ್ರೀಟ್‌ನಲ್ಲಿರುವ ಟೀಸ್ ತಾನ್‌ತಾನ್ ಎಂಬ ಸಸ್ಯಾಹಾರಿ ರಾಮೆನ್ (ಸಾರಿನಲ್ಲಿ ಬಡಿಸುವ ನೂಡಲ್ಸ್) ಅಂಗಡಿಯಲ್ಲಿ ಊಟಕ್ಕೆ ಸೇರೋಣ. ಅಂಗಡಿಯು ಟಿಕೆಟ್ ಗೇಟಿನ ಒಳಗಿರುವುದರಿಂದ, ಜೆಆರ್ ರೈಲಿನಲ್ಲಿ ಬರುವವರು ದಯವಿಟ್ಟು ಗೇಟು ದಾಟಿ ಹೊರಗೆ ಹೋಗಬೇಡಿ.

ಈ ಆಯ್ಕೆಗೆ ಕಾರಣವಿದೆ. ಕಳೆದ ಬಾರಿ ಬೇರೊಂದು ಅಂಗಡಿಯಲ್ಲಿ ಮಾಂಸ ಬೇಡವೆಂದ ಸದಸ್ಯರಿಗೆ ಮೇಲಿನ ಹಂದಿಮಾಂಸದ ತುಂಡುಗಳನ್ನಷ್ಟೇ ತೆಗೆದು, ಅದೇ ಸಾರನ್ನು ಬಡಿಸಿದರು. ಇದನ್ನು ಸಿಬ್ಬಂದಿಯ ಅಸಡ್ಡೆ ಎನ್ನಲಾಗದು. ಟೊನ್‌ಕೊತ್ಸು ಸಾರು ಹಂದಿಯ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ಮಾಡುವಂಥದ್ದು. ಶೋಯು (ಸೋಯಾ ಸಾಸ್) ಅಥವಾ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಎಂಬ ಹೆಸರಿದ್ದರೂ ಒಳಗೆ ಕೋಳಿ, ಹಂದಿ ಇಲ್ಲವೇ ಒಣಮೀನಿನ ರಸವಿರುವುದೇ ಹೆಚ್ಚು, ಮತ್ತು ದೊಡ್ಡ ಪಾತ್ರೆಯಲ್ಲಿ ಮೊದಲೇ ಸಿದ್ಧವಾಗಿರುವ ಸಾರನ್ನು ಒಬ್ಬೊಬ್ಬರಿಗಾಗಿ ಬದಲಿಸಲು ಸಾಧ್ಯವಿಲ್ಲ. ಟೀಸ್ ತಾನ್‌ತಾನ್‌ನಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ಬಳಸುವುದಿಲ್ಲ. ಎಳ್ಳಿನ ಗಟ್ಟಿ ಸಾರಿನ ನೂಡಲ್ಸ್ ಆದ ತಾನ್‌ತಾನ್‌ಮೆನ್ ಅಲ್ಲಿನ ಮುಖ್ಯ ತಿನಿಸು.

ಗೋಧಿ, ಎಳ್ಳು ಅಥವಾ ಕಡಲೆಕಾಯಿ ಒಗ್ಗದವರು ಮತ್ತು ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಮುಂಚೆಯೇ ತಿಳಿಸಿದರೆ ಅಂಗಡಿಯವರಲ್ಲಿ ವಿಚಾರಿಸಿಡುತ್ತೇವೆ. ಸಾಲು ಇರಬಹುದು, ಊಟ ಮುಗಿದೊಡನೆ ಕಾಯುವವರಿಗೆ ಜಾಗ ಬಿಡುವುದು ಇಲ್ಲಿನ ರೂಢಿ, ಹರಟೆಯನ್ನು ಹೊರಗೆ ಮುಂದುವರಿಸೋಣ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಬರುವವರ ಸಂಖ್ಯೆಯನ್ನು, ಮಕ್ಕಳನ್ನೂ ಸೇರಿಸಿ, ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಊಟದ ನಂತರ ರುಚಿ, ಉಪ್ಪು, ನಿಮ್ಮ ಪ್ರಶ್ನೆಗಳಿಗೆ ಸಿಬ್ಬಂದಿ ಸ್ಪಂದಿಸಿದ ಬಗೆ ಇವುಗಳ ಕುರಿತು ನಾಲ್ಕು ಸಾಲು ಬರೆಯಿರಿ. ಊರಿನಿಂದ ಹೊಸದಾಗಿ ಬರುವ ಕುಟುಂಬಗಳಿಗಾಗಿ ಅವನ್ನು ಒಟ್ಟುಗೂಡಿಸಿ ಗುಂಪಿನಲ್ಲಿ ಪಿನ್ ಮಾಡಲಾಗುವುದು.