ಮಕ್ಕಳ ಹೊಟ್ಟೆನೋವೆಲ್ಲ ಗ್ಯಾಸ್ಟ್ರಿಕ್ ಅಲ್ಲ: ಕೋಲಾರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಶ್ರೀನಿವಾಸಪುರ ತಾಲ್ಲೂಕಿನವಳು. ನನ್ನ ಮಗಳಿಗೆ 11 ವರ್ಷ. ಕಳೆದ ವರ್ಷ ಅವಳು ನಡುರಾತ್ರಿ ಎದ್ದು, ಮೊಣಕಾಲು ಮಡಚಿ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೂರುತ್ತಿದ್ದಳು. "ಅಮ್ಮಾ, ಉರೀತಿದೆ" ಅನ್ನುತ್ತಿದ್ದಳು. ತೋರಿಸಿದ ಕಡೆಯೆಲ್ಲ ಒಂದೇ ಮಾತು, ಗ್ಯಾಸ್ಟ್ರಿಕ್, ಖಾರ ಕಡಿಮೆ ಮಾಡಿ. ಬಸ್ಸಾರು ಬಿಡಿಸಿದೆವು. ಸಿರಪ್ ಕುಡಿಸಿದೆವು. ನೋವು ನಿಲ್ಲಲಿಲ್ಲ.

ಆಮೇಲೆ ಮಲ ಕಪ್ಪಗಾಯಿತು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಾರಲ್ಲ, ಅದನ್ನು ನುಂಗಿದರೆ ಕಪ್ಪಗೆ ಹೋಗುತ್ತದೆ. ಅದೇ ಇರಬೇಕು ಅಂತ ಸುಮ್ಮನಾದೆವು. ಆದರೆ ರಜೆಯಲ್ಲಿ, ಮಾತ್ರೆಯೇ ಇಲ್ಲದ ವಾರಗಳಲ್ಲೂ ಹಾಗೇ ಇತ್ತು. ಡಾಂಬರಿನ ಹಾಗೆ ಕಪ್ಪು, ಅಂಟಂಟು, ಕೆಟ್ಟ ವಾಸನೆ. ಅದು ರಕ್ತ ಅಂತ ಗೊತ್ತಾಗಿದ್ದು ಬೆಂಗಳೂರಿಗೆ ಹೋದ ಮೇಲೆ. ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿದಾಗ ಸಣ್ಣ ಕರುಳಿನ ಆರಂಭದಲ್ಲೇ ಹುಣ್ಣು ಕಂಡಿತು. ಜೊತೆಗೆ ಇಂಥ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ.

ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇದನ್ನು 1982ರಲ್ಲೇ ಬೆಳೆಸಿ ತೋರಿಸಿದರು. ಮಾರ್ಷಲ್ ತಾವೇ ಅದನ್ನು ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದರೂ ನಮ್ಮಲ್ಲಿ ಇನ್ನೂ ಬೈಗುಳ ತಿನ್ನುತ್ತಿರುವುದು ಮೆಣಸಿನಕಾಯಿ.

"ನಿಮ್ಮ ಮಾವನಿಗೂ ಹುಣ್ಣಾಗಿತ್ತು, ಇದು ವಂಶದ್ದು" ಅಂತ ಅತ್ತೆ ಅಂದರು. ವೈದ್ಯರನ್ನು ಕೇಳಿದೆ. ವಂಶದ ಪಾಲೂ ಇದೆಯಂತೆ. ಓ ಗುಂಪಿನ ರಕ್ತದವರಿಗೆ ಈ ಹುಣ್ಣು ಸ್ವಲ್ಪ ಜಾಸ್ತಿ. ಬ್ಯಾಕ್ಟೀರಿಯಾದಲ್ಲೂ ಭೇದವಿದೆ, ಕ್ಯಾಗ್-ಎ ಎಂಬ ಜೀನ್ ಇರುವ ತಳಿ ಹೆಚ್ಚು ಹಾನಿ ಮಾಡುತ್ತದೆ. ಆದರೆ ಒಂದೇ ಮನೆಯವರಿಗೆ ಬರುವುದಕ್ಕೆ ರಕ್ತಸಂಬಂಧವೊಂದೇ ಕಾರಣ ಅಲ್ಲ. ಈ ಸೋಂಕು ಬಹುಪಾಲು ಚಿಕ್ಕಂದಿನಲ್ಲೇ, ಮನೆಯವರಿಂದಲೇ ಅಂಟುತ್ತದೆ. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ನನ್ನಿಂದಲೇ ಬಂದಿರಬಹುದು ಅಲ್ವಾ?

ಸೋಂಕಿದ್ದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹಾಗಾಗಿ ಹೊಟ್ಟೆನೋವು ಅಂದ ಮಗುವಿಗೆಲ್ಲ ಈ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿ ಅಂತ ನಾನು ಕೇಳುತ್ತಿಲ್ಲ. ಕಪ್ಪು ಮಲ, ರಕ್ತವಾಂತಿ, ನಿದ್ದೆ ಕೆಡಿಸುವ ನೋವು, ಮಾತ್ರೆ ಕೊಟ್ಟರೂ ಏರದ ಹಿಮೋಗ್ಲೋಬಿನ್, ಇಂಥ ಮಕ್ಕಳು ನಮ್ಮ ಜಿಲ್ಲೆ ದಾಟದೆ ಎಂಡೋಸ್ಕೋಪಿ ಮಾಡಿಸಿಕೊಳ್ಳುವಂತಾಗಲಿ. ವಾರಕ್ಕೆ ಒಂದು ದಿನ ಸಾಕು. ಮೊದಲು ಒಂದು ಕಡೆ ನಮ್ಮಿಂದ ದುಡ್ಡು ತೆಗೆದುಕೊಂಡು ರಕ್ತದಲ್ಲಿ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಅಂಶ, ಇದೆಯಾ ಅಂತ ನೋಡಿದರು. ಮಕ್ಕಳಲ್ಲಿ ಆ ಪರೀಕ್ಷೆಯನ್ನು ನಂಬುವಂತಿಲ್ಲ, ಅದನ್ನು ಬಿಡಿಸಿ.

ಚಿಕಿತ್ಸೆ 14 ದಿನ, ಎರಡು ಆಂಟಿಬಯೋಟಿಕ್ ಜೊತೆ ಆಮ್ಲ ತಗ್ಗಿಸುವ ಮಾತ್ರೆ. ನೋವು ಹೋಯಿತು ಅಂತ ನಡುವೆ ಬಿಟ್ಟರೆ ಮುಂದೆ ಔಷಧಿ ಹಿಡಿಯದೇ ಹೋಗಬಹುದು. ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ, ಬ್ಯಾಕ್ಟೀರಿಯಾ ಪೂರ್ತಿ ಹೋಯಿತಾ ಅಂತ ನೋಡಲು ಮಲದ ಆಂಟಿಜೆನ್ ಪರೀಕ್ಷೆ ಮಾಡಬೇಕು. ಒಂದು ಚಿಕ್ಕ ಡಬ್ಬಿ ಮಲಕ್ಕಾಗಿ ನಾನು ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಿಬಂದೆ. ಅದನ್ನಾದರೂ ಇಲ್ಲೇ ಮಾಡಿಸಿ, ಸ್ವಾಮಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಒಂದು ಪ್ರಶ್ನೆ ಜಾಸ್ತಿ ಕೇಳಲಿ: "ಮಾತ್ರೆ ತಿನ್ನದ ದಿನವೂ ಕಪ್ಪಗೆ ಹೋಗುತ್ತಾ?" ನಮ್ಮನ್ನು ಯಾರೂ ಕೇಳಿರಲಿಲ್ಲ.

ಇಂತಿ,
ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ತಾಯಿ