ಬಿಯರ್ ಪಾಂಗ್ ಲೋಟದಲ್ಲಿ ನೀರಿರಲಿ

ಮಾನ್ಯರೇ,

ಬೆಳಗಾವಿಯ ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಈಚೆಗೆ ಕಾಣಿಸಿಕೊಳ್ಳುತ್ತಿರುವ, ಅಮೆರಿಕದ ಕಾಲೇಜುಗಳಿಂದ ಬಂದ ಬಿಯರ್ ಪಾಂಗ್ ಆಟದ ಬಗ್ಗೆ ಎರಡು ಮಾತು. ಉದ್ದನೆಯ ಮೇಜಿನ ಎರಡೂ ತುದಿಗಳಲ್ಲಿ ಸಾಮಾನ್ಯವಾಗಿ ತಲಾ 10 ಲೋಟಗಳನ್ನು ತ್ರಿಕೋನಾಕಾರದಲ್ಲಿ ಜೋಡಿಸಿ, ಇಬ್ಬಿಬ್ಬರ ತಂಡಗಳು ಸರದಿಯಂತೆ ಟೇಬಲ್ ಟೆನಿಸ್ ಚೆಂಡನ್ನು ಎದುರಾಳಿಯ ಲೋಟಕ್ಕೆ ಎಸೆಯುತ್ತವೆ; ಚೆಂಡು ಬಿದ್ದ ಲೋಟವನ್ನು ಎದುರಾಳಿ ಕುಡಿದು ಬದಿಗಿಡಬೇಕು, ಲೋಟಗಳೆಲ್ಲ ಮೊದಲು ಮುಗಿದ ತಂಡ ಸೋತಂತೆ. ಸೋಲುತ್ತಿರುವವನೇ ಹೆಚ್ಚು ಕುಡಿಯಬೇಕಾದ್ದರಿಂದ ಅವನ ಗುರಿ ಮತ್ತಷ್ಟು ತಪ್ಪುತ್ತದೆ. ಆಟದ ಮಜಾ ಅದರಲ್ಲೇ ಇದೆ, ಅಪಾಯವೂ ಅಲ್ಲೇ. ಬಿಯರಿನ ಬದಲು ಶೇ 42.8ರಷ್ಟು ಮದ್ಯಸಾರವಿರುವ ವಿಸ್ಕಿ ಸುರಿಯುವುದಂತೂ ಶುದ್ಧ ಹುಚ್ಚಾಟ. ನೆಲಕ್ಕುರುಳಿ ಧೂಳು, ಕೂದಲು ಮೆತ್ತಿಕೊಂಡ ಚೆಂಡೇ ಮತ್ತೆ ಲೋಟಕ್ಕೆ ಬೀಳುವುದರಿಂದ, ಅಮೆರಿಕದಲ್ಲೂ ಅನೇಕರು ಆಟದ ಲೋಟಗಳಿಗೆ ನೀರು ತುಂಬಿ, ಕುಡಿಯುವುದನ್ನು ಬೇರೆಯೇ ಇಟ್ಟುಕೊಳ್ಳುತ್ತಾರೆ. ನಮ್ಮ ಹುಡುಗರೂ ಈ ಪದ್ಧತಿಯನ್ನೇ ಹಿಡಿಯಲಿ. ಕುಡಿಯಲು ಮಸಾಲೆ ಮಜ್ಜಿಗೆಯಾದರೂ ಆಟ ಕೆಡುವುದಿಲ್ಲ. 100 ಮಿ.ಲೀ. ರಕ್ತದಲ್ಲಿ ಮದ್ಯಸಾರ 30 ಮಿ.ಗ್ರಾಂ. ಮೀರಿದ ಸ್ಥಿತಿಯಲ್ಲಿ ಬೈಕ್ ಓಡಿಸಿ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆದ್ದರಿಂದ ಪಾರ್ಟಿ ಕೊಡುವವರು ಆಟಕ್ಕೆ ಮೊದಲೇ ಎಲ್ಲರ ಗಾಡಿ ಕೀಲಿಗಳನ್ನು ತೆಗೆದಿಟ್ಟುಕೊಳ್ಳಲಿ.

– ಓದುಗ, ಟಿಳಕವಾಡಿ, ಬೆಳಗಾವಿ