ವಿಷಯ: ಚಿಕ್ಕಮಗಳೂರಿನ ಧ್ರುವಕ್ಕೆ ಇಳಿಯದ ಇಕ್ವಟೋರಿಯಲ್ ಮೌಂಟ್, ಹಣ ವಾಪಸಾತಿ ಕುರಿತು

ಗೆ,
ಗ್ರಾಹಕರ ದೂರು ಅಧಿಕಾರಿಗಳು

ಮಾನ್ಯರೇ,

ನಾಲ್ಕು ಫೋನು, ಎರಡು ಮೇಲ್ ಆದ ಮೇಲೆ ಈ ಪತ್ರ. ನೀವು ಕಳಿಸಿದ್ದು ಇಕ್ವಟೋರಿಯಲ್ ಮೌಂಟ್, ಅಂದರೆ ಆಕಾಶದ ಧ್ರುವಕ್ಕೆ ತನ್ನ ಅಕ್ಷ ನೆಟ್ಟು ಟೆಲಿಸ್ಕೋಪನ್ನು ನಕ್ಷತ್ರಗಳ ಜೊತೆ ತಿರುಗಿಸುವ ಸ್ಟ್ಯಾಂಡ್. ಆ ಅಕ್ಷವನ್ನು ಏರಿಸಿ ಇಳಿಸುವ ಅಕ್ಷಾಂಶದ ಬೋಲ್ಟ್ 20 ಡಿಗ್ರಿಗೆ ಬಂದು ಕಚ್ಚಿ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಚಿಕ್ಕಮಗಳೂರಿನ ಅಕ್ಷಾಂಶ 13 ಡಿಗ್ರಿ 19 ನಿಮಿಷ, ಇಲ್ಲಿ ಧ್ರುವದ ಎತ್ತರವೂ ಅಷ್ಟೇ. ನಿಮ್ಮ ಪುಟದಲ್ಲಿ ‘ಭಾರತದ ಎಲ್ಲ ಕಡೆಗೂ ಸೂಕ್ತ’ ಎಂದಿದೆ. ಬೀದರ್ ಪಟ್ಟಣವೇ 18 ಡಿಗ್ರಿ ಮುಟ್ಟುವುದಿಲ್ಲ, ಮುಂಬಯಿ 19. ನಿಮ್ಮ ಭಾರತ ಎಲ್ಲಿಂದ ಶುರುವಾಗುತ್ತದೋ ತಿಳಿಸಿ.

‘ಅಲ್ಪ ವ್ಯತ್ಯಾಸ, ಗೈಡಿಂಗ್‌ನಲ್ಲಿ ಸರಿಹೋಗುತ್ತದೆ’ ಎಂದು ಬರೆದಿದ್ದೀರಿ. ಗೈಡಿಂಗ್ ಎಂದರೆ ಒಂದು ನಕ್ಷತ್ರವನ್ನು ನೋಡುತ್ತಲೇ ಮೌಂಟಿನ ಓಟವನ್ನು ತಿದ್ದುವುದು. ತಪ್ಪು 6 ಡಿಗ್ರಿ 41 ನಿಮಿಷ, ಅಂದರೆ 401 ಕಲಾನಿಮಿಷ (ಡಿಗ್ರಿಯ ಅರವತ್ತನೇ ಒಂದು ಭಾಗ). ಪೂರ್ವ ಅಥವಾ ಪಶ್ಚಿಮಕ್ಕಿರುವ ನಕ್ಷತ್ರ ಇದರಿಂದ ಗಡಿಯಾರದ ಒಂದು ನಿಮಿಷಕ್ಕೆ ಸುಮಾರು 105 ಕಲಾಸೆಕೆಂಡ್ (ಕಲಾನಿಮಿಷದ ಅರವತ್ತನೇ ಒಂದು ಭಾಗ) ಜಾರುತ್ತದೆ. 400 ಮಿ.ಮೀ. ಫೋಕಲ್ ಲೆಂತ್‌ನ ಟೆಲಿಸ್ಕೋಪು, 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಇದ್ದರೆ ಒಂದು ಪಿಕ್ಸೆಲ್‌ಗೆ 1.94 ಕಲಾಸೆಕೆಂಡ್. ಒಂದೇ ನಿಮಿಷದಲ್ಲಿ 54 ಪಿಕ್ಸೆಲ್! ಆಂಡ್ರೊಮಿಡಾ ಗ್ಯಾಲಕ್ಸಿಯ ಚಿತ್ರಕ್ಕೆ ಮೂರು ನಿಮಿಷದ ಅರವತ್ತು ಫ್ರೇಮ್ ಬೇಕು. ಗೈಡಿಂಗ್ ನಡುವಿನ ಒಂದು ನಕ್ಷತ್ರವನ್ನು ಹಿಡಿದಿಟ್ಟರೂ ಸುತ್ತಲಿನದೆಲ್ಲ ಅದರ ಸುತ್ತ ತಿರುಗುತ್ತದೆ. ಮೂಲೆಯ ನಕ್ಷತ್ರಗಳು ಗೆರೆಯಾಗುತ್ತವೆ. ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ.

ಮೂರನೇ ಕರೆಯನ್ನು ಮಾತ್ರ ಇದ್ದ ಹಾಗೇ ಬರೆಯುತ್ತೇನೆ. ಇಪ್ಪತ್ತಮೂರು ನಿಮಿಷ ಸಂಗೀತ ಕೇಳಿಸಿದ ಮೇಲೆ ನಿಮ್ಮ ‘ತಾಂತ್ರಿಕ ತಜ್ಞರು’ ಸಿಕ್ಕರು. ಮೌಂಟಿನ ಮಟ್ಟ ತೋರಿಸುವ ಗಾಳಿಗುಳ್ಳೆಯಿಂದ ಶುರು ಮಾಡಿದರು.

“ಬಬಲ್ ಮಧ್ಯಕ್ಕಿದೆಯಾ ಸರ್?”
“ಇದೆ.”
“ಹಾಗಾದ್ರೆ ಮೌಂಟ್ ಸರಿ ಇದೆ.”
“ಧ್ರುವ ನಕ್ಷತ್ರ ಅದಕ್ಕಿಂತ ಕೆಳಗಿದೆಯಪ್ಪಾ.”
“ಇನ್ನೂ ಎಂಟು ಗಂಟೆ ಅಲ್ವಾ ಸರ್, ಹನ್ನೊಂದರವರೆಗೆ ಕಾಯಿರಿ, ಮೇಲೆ ಬರುತ್ತೆ.”

ಧ್ರುವ ನಕ್ಷತ್ರ! ಬೆಳಗಿನ ತನಕ ಕಾದರೂ ಇಲ್ಲಿ ಅದು 14 ಡಿಗ್ರಿ ದಾಟುವುದಿಲ್ಲ. ಹಾಗೆಂದೆ. ಒಂದು ಕ್ಷಣ ಸುಮ್ಮನಿದ್ದು, “ಮನೇಲಿ ಓದಿರೋ ಮಕ್ಕಳಿದ್ರೆ ಫೋನ್ ಕೊಡಿ ಸರ್” ಅಂದರು. ಹಿಂದೆ ಯಾರೋ ನಕ್ಕದ್ದೂ ಕೇಳಿಸಿತು. ಕೊನೆಗೆ ಸಿಕ್ಕ ಪರಿಹಾರ: “ಕಾಲಿನ ಕೆಳಗೆ ಇಟ್ಟಿಗೆ ಇಡಿ.” ಯಾವ ಕಾಲು ಎಂದು ಕೇಳಿದ್ದಕ್ಕೆ “ಯಾವುದಾದ್ರೂ”.

ಯಾವುದಾದರೂ ಅಲ್ಲ. ಒಂದು ಕಾಲು ಸರಿಯಾಗಿ ಉತ್ತರಕ್ಕಿದ್ದು, ಅದರಿಂದ ಉಳಿದೆರಡರ ಗೆರೆಗೆ 80 ಸೆಂ.ಮೀ. ಇದ್ದರೆ, ದಕ್ಷಿಣದ ಎರಡೂ ಕಾಲು ಸುಮಾರು 9.3 ಸೆಂ.ಮೀ. ಏರಬೇಕು. ಉತ್ತರದ ಕಾಲಿಗೆ ಅಷ್ಟೇ ಎತ್ತರದ ಇಟ್ಟಿಗೆ ಇಟ್ಟರೆ ತಪ್ಪು ದುಪ್ಪಟ್ಟಾಗುತ್ತದೆ. ಸರಿಯಾಗಿ ಇಟ್ಟರೂ ಭಾರ ಉತ್ತರಕ್ಕೆ ವಾಲಿ, ಟ್ರೈಪಾಡ್ ಮಗುಚುವ ಭಯ. ನೀವು ಮಾರಲು ಹೊರಟ ಪಿಯರ್ ಎಕ್ಸ್‌ಟೆನ್ಶನ್, ಅಂದರೆ ಮೌಂಟನ್ನು ಟ್ರೈಪಾಡಿನಿಂದ ಮೇಲೆತ್ತುವ ಗಿಡ್ಡ ಕಂಬ, ಸಮತೂಕದ ಸರಳು ಕಾಲಿಗೆ ಬಡಿಯುವುದನ್ನು ತಪ್ಪಿಸೀತು, ಬೋಲ್ಟನ್ನು ಒಂದು ಕೂದಲೆಳೆಯಷ್ಟೂ ಇಳಿಸದು.

ವಿವರಣೆಗೆ ಹೊಂದದ ಸರಕನ್ನು ವಾಪಸು ಪಡೆಯುವ ನಿಮ್ಮ ನಿಯಮ ನಿಮಗೇ ಗೊತ್ತು. ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂಬ 2020ರ ಇ-ಕಾಮರ್ಸ್ ನಿಯಮವೂ ಗೊತ್ತಿರಬೇಕು. ನನ್ನ ಎರಡು ಮೇಲ್‌ಗಳಿಗೆ ಬಂದ ಉತ್ತರ ಒಂದೇ: ‘ಬಾಕ್ಸ್ ತೆರೆಯಲಾಗಿದೆ.’ ತೆರೆಯದೆ ಬೋಲ್ಟ್ ತಿರುಗಿಸುವ ವಿದ್ಯೆ ನಮ್ಮ ಮಲೆನಾಡಿಗೆ ಇನ್ನೂ ಬಂದಿಲ್ಲ.

ಏಳು ದಿನದಲ್ಲಿ ಪೂರ್ತಿ ಹಣ ಬರಬೇಕು, ಸಾಗಣೆ ಖರ್ಚು ನಿಮ್ಮದೇ. ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕೂರುವವನಲ್ಲ ನಾನು. ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾವೆ ಹೂಡುತ್ತೇನೆ. ಐದು ಲಕ್ಷದೊಳಗಿನದಕ್ಕೆ ಶುಲ್ಕವಿಲ್ಲ, ಘಾಟಿ ಹತ್ತಿ ಬರಬೇಕಾದವರು ನೀವು. ಕರೆಗಳನ್ನು ಗುಣಮಟ್ಟಕ್ಕಾಗಿ ರೆಕಾರ್ಡ್ ಮಾಡುತ್ತೇವೆ ಎಂದು ಪ್ರತಿ ಸಲ ಹೇಳುತ್ತೀರಲ್ಲ, ಆ ಮೂರನೇ ಕರೆಯನ್ನು ಅಳಿಸಬೇಡಿ. ಅಲ್ಲಿ ಎಲ್ಲರೆದುರು ಹಾಕಿಸಿ ಕೇಳಿಸುತ್ತೇನೆ, ನಕ್ಕವರನ್ನೂ ಕರೆತನ್ನಿ.

ಇಂತಿ,
ನಿಮ್ಮ ಗ್ರಾಹಕ
ಚಿಕ್ಕಮಗಳೂರು